ಮೊದಲನೇ ಖಾನೆಯ ಕೆಂಪು

ಸುಮಾ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಳೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬೆಳಗಿನ ಬಸ್ಸಿಗೆ ಅವಳು ಮೊದಲೇ ಹತ್ತಿ, ಹುನಗುಂದದಲ್ಲಿ ಹತ್ತುವ ನನಗಾಗಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಬರುತ್ತಾಳೆ. ಕಿಟಕಿ ಮಾತ್ರ ಅವಳದೇ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಕೆಲಸಕ್ಕಿದ್ದೇವೆ. ಅವಳು ಸಂಖ್ಯಾಶಾಸ್ತ್ರ ಕಲಿಸುತ್ತಾಳೆ, ನಾನು ಗ್ರಂಥಾಲಯ ನೋಡಿಕೊಳ್ಳುತ್ತೇನೆ. ನನ್ನ ಹೆಸರು ವಿದ್ಯಾ. ಬಾಯಿ ಜೋರು ಎಂದು ಜನ ಹೇಳುತ್ತಾರೆ, ಹೇಳಲಿ.

ಸುಮಾ ಹಾಗಲ್ಲ. ಅರ್ಧ ಇಲ್ಲಿ, ಅರ್ಧ ಇನ್ನೆಲ್ಲೋ ಇರುವ ಹೆಣ್ಣು. ಬಸ್ಸು ಅಮೀನಗಡದ ಹಾದಿ ಹಿಡಿದು, ಎಳೆ ಬಿಸಿಲು ಗಾಜಿನ ಮೇಲೆ ಹರಡಿ, ಸೂರ್ಯಕಾಂತಿಯ ಹೊಲಗಳು ಒಂದರ ಹಿಂದೊಂದು ತೇಲಿಹೋಗುವಾಗ ಅವಳ ಕಣ್ಣುಗಳು ಅರೆಮುಚ್ಚುತ್ತವೆ. ನಿದ್ದೆ ಹತ್ತಿತೆಂದು ನಾನು ಸುಮ್ಮನಾದರೆ ಮೆಲ್ಲಗೆ ಮಾತು ಶುರುಮಾಡುತ್ತಾಳೆ.

“ವಿದ್ಯಾ, ಈ ಬಸ್ಸಿನಾಗ ಮಂದಿ ನಾಕು ನಮೂನಿ ಅದಾರ ನೋಡು. ಎಚ್ಚರ, ತೂಕಡಿಕಿ, ನಿದ್ದಿ, ಗೊರಕಿ.”

“ಅದಕ್ಕ?”

“ಕಂಪ್ಯೂಟರಿಗೆ ಕೊಟ್ರ ಅದು ಅಕ್ಷರದ ಸಾಲು ಹಿಡೀತೈತಿ. ಎಚ್ಚರದ ಮಗ್ಗಲಕ್ಕ ಗೊರಕಿ ಬಂದು ಕುಂದರತೈತಿ. ಎಚ್ಚರ ಇದ್ದಾಂವ ಒಮ್ಮಿಗೇ ಗೊರಕಿ ಹೊಡೀತಾನೇನು? ನಡುವ ತೂಕಡಿಕಿ ಬರಬೇಕು, ನಿದ್ದಿ ಬರಬೇಕು. ಆ ಸಾಲು ನಾವು ಹೇಳಿಕೊಡಬೇಕು. ತಾನಾಗೇ ತಿಳಿಯಂಗಿಲ್ಲ ಅದಕ್ಕ.”

ಅವಳು ಕಲಿಸುವುದೇ ಇದನ್ನು. ‘ಆರ್’ ಎಂಬ ಹೆಸರಿನ ಒಂದು ತಂತ್ರಾಂಶವಿದೆಯಂತೆ. ಬಣ್ಣ, ಋತು, ಊರು ಎಂದು ಬಗೆಬಗೆಯಾಗಿ ವಿಂಗಡಿಸಿದ ಮಾಹಿತಿಯನ್ನು ಅದು ಫ್ಯಾಕ್ಟರ್ ಎಂದು ಕರೆಯುತ್ತದೆ, ಅದರೊಳಗಿನ ಒಂದೊಂದು ಬಗೆಯನ್ನೂ ಲೆವೆಲ್ ಎನ್ನುತ್ತದೆ. ಅವಳ ಜೊತೆ ಓಡಾಡಿ ಓಡಾಡಿ ಇಷ್ಟು ನನ್ನ ತಲೆಗೂ ಹತ್ತಿದೆ. ಮಿಕ್ಕಿದ್ದನ್ನು ಕೇಳುವ ಹೊತ್ತಿಗೆ ನಾನೇ ತೂಕಡಿಕೆಯಿಂದ ನಿದ್ದೆಗೆ ಜಾರಿರುತ್ತೇನೆ. ಕನಸಿನಲ್ಲಿ ಬಸ್ಸಿನ ಮಂದಿಯೆಲ್ಲ ಎದ್ದು ಅವಳು ಹೇಳಿದ ಸಾಲಿನಲ್ಲಿ ನಿಲ್ಲುತ್ತಾರೆ, ಕಂಡಕ್ಟರ್ ಕೂಡ. ಬಾಗಲಕೋಟೆಯಲ್ಲಿ ಅವಳೇ ನನ್ನ ಭುಜ ಅಲುಗಿಸಿ ಎಬ್ಬಿಸುತ್ತಾಳೆ.

ಕಿಟಕಿ ಬಿಟ್ಟುಕೊಟ್ಟ ಆ ದಿನ ಅವಳು ಇದಾವುದನ್ನೂ ಮಾತಾಡಲಿಲ್ಲ. ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ ಕೂತಿದ್ದಳು. ಅಮೀನಗಡ ದಾಟಿದ ಮೇಲೆ ಬಾಯಿ ಬಿಟ್ಟಳು.

“ಲಗ್ನಕ್ಕ ಬಾಗಲಕೋಟಿ ಅಂಗಡ್ಯಾಗ ಸೀರಿ ತಗೊಳ್ತೇನಿ. ನೀನೂ ಜೋಡಿ ಬಾ.”

ನನಗೆ ಸಿಟ್ಟು ನೆತ್ತಿಗೇರಿತು. ಇಳಕಲ್ಲಿನ ನೇಕಾರನ ಮಗಳು ಲಗ್ನದ ಸೀರೆಗಾಗಿ ಅಂಗಡಿಯ ಮೆಟ್ಟಿಲು ಹತ್ತುವುದೆಂದರೇನು? ದೀಪಾವಳಿ ಕಳೆದ ಮೇಲೆ ಬಾದಾಮಿಯ ಪ್ರಭು ಎಂಬುವನೊಡನೆ ಅವಳ ಲಗ್ನ ಗೊತ್ತಾಗಿತ್ತು. ಅವಳ ಅಪ್ಪ ಬಾಬಣ್ಣ ಆ ಲಗ್ನದ ಸೀರೆಯನ್ನು ತನ್ನ ಕೈಮಗ್ಗದಲ್ಲೇ ನೇಯುತ್ತಿದ್ದ. ಪವರ್‌ಲೂಮುಗಳ ಸದ್ದೇ ತುಂಬಿದ ಅವರ ಓಣಿಯಲ್ಲಿ ಇನ್ನೂ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವನು ಅವನೊಬ್ಬನೇ.

“ನಿನ್ನ ತಲಿ ನೆಟ್ಟಗೈತೇನು?” ಎಂದೆ.

“ಅಪ್ಪ ಸೀರಿ ಕೆಡಿಸ್ಯಾನ” ಎಂದಳು.

ಅವಳ ಮನೆಯ ಸಂಗತಿ ಸ್ವಲ್ಪ ಹೇಳದಿದ್ದರೆ ಇದು ತಿಳಿಯುವುದಿಲ್ಲ. ಬಾಬಣ್ಣ ಚೌಕಳಿ ಸೀರೆ ನೇಯುವುದರಲ್ಲಿ ಹೆಸರಾದವನು. ಚೌಕಳಿ ಮೂಡಬೇಕೆಂದರೆ ಅಡ್ಡ ಎಳೆಯ ಬಣ್ಣವನ್ನು ಮತ್ತೆ ಮತ್ತೆ ಬದಲಿಸುತ್ತಿರಬೇಕು. ಅದಕ್ಕಾಗಿ ಅವನ ಎಡಗೈ ಪಕ್ಕ, ಕುಣಿಯ ಅಂಚಿನಲ್ಲಿ, ನಾಲ್ಕು ಖಾನೆಯ ಒಂದು ಮರದ ಪೆಟ್ಟಿಗೆ ಇರುತ್ತದೆ. ನೂಲು ಸುತ್ತಿದ ಪುಟ್ಟ ಕೊಳವೆಗಳಿಗೆ ಕಂಡಿಕೆ ಎನ್ನುತ್ತಾರೆ. ಸುಮಾಳ ಅವ್ವ ಕಾಳವ್ವ ದಿನಾ ಬೆಳಿಗ್ಗೆ ಕಂಡಿಕೆ ಸುತ್ತಿ ಖಾನೆ ತುಂಬುತ್ತಾಳೆ. ಮೊದಲನೆಯದರಲ್ಲಿ ಕೆಂಪು, ಎರಡನೆಯದರಲ್ಲಿ ಹಸಿರು, ಮೂರನೆಯದರಲ್ಲಿ ಹಳದಿ, ಕೊನೆಯದರಲ್ಲಿ ಬಿಳಿ. ಲಗ್ನವಾಗಿ ಬಂದ ಹೊಸದರಿಂದಲೂ ಆ ಕೆಲಸ ಅವಳೊಬ್ಬಳದೇ. ಬೇರೆ ಯಾರೂ ಆ ಪೆಟ್ಟಿಗೆ ಮುಟ್ಟುವಂತಿಲ್ಲ.

ಸುಮಾ ಒಮ್ಮೆ ಮುಟ್ಟಿದ್ದಳು. ಆಗಿನ್ನೂ ಶಾಲೆಗೆ ಹೋಗಲು ಶುರುಮಾಡಿದ ಕೂಸು. ಮಧ್ಯಾಹ್ನ ಅಪ್ಪ ಉಣ್ಣಲು ಎದ್ದಾಗ, ಹಸಿರಿನ ಪಕ್ಕ ಬಿಳಿ ಚೆಂದ, ಕೆಂಪು ಕೊನೆಗಿದ್ದರೆ ಚೆಂದ ಎಂದು ತನಗೆ ತೋಚಿದಂತೆ ಕಂಡಿಕೆ ಜೋಡಿಸಿದಳು. ಅಪ್ಪ ಬಂದು ಕೂತ, ಹಾಡು ಗುನುಗುತ್ತ ನೇಯ್ದ. ಸಂಜೆ ಕಾಳವ್ವ ನೋಡಿ ಎದೆ ಹಿಡಿದುಕೊಂಡಳು. ಬಾಬಣ್ಣ ಪೆಟ್ಟಿಗೆ ಎತ್ತಿ ಅಂಗಳಕ್ಕೆ ಒಗೆದು, “ಮಗ್ಗದ ಕಡಿ ಇನ್ನ ಕಾಲಿಡಬ್ಯಾಡ” ಎಂದು ಕೂಗಿದ್ದು ಓಣಿಗೆಲ್ಲ ಕೇಳಿತು. ಸುಮಾ ಇಡಲಿಲ್ಲ. ಬೇರೆ ನೇಕಾರರ ಹೆಣ್ಣುಮಕ್ಕಳು ಅಪ್ಪನ ಮಗ್ಗುಲಲ್ಲಿ ಕೂತು ಕೆಲಸ ಕಲಿತರೆ ಇವಳು ಪಡಸಾಲೆಯಲ್ಲಿ ಕೂತು ಲೆಕ್ಕ ಮಾಡಿದಳು. ಗೋಡೆಯಾಚೆ ಲಾಳಿ ಓಡುವ ಸದ್ದು ಕೇಳುತ್ತ ಓದಿದಳು, ಕೇಳುತ್ತಲೇ ನಿದ್ದೆ ಹೋದಳು. ಈಗಲೂ ಕನಸಿನಲ್ಲಿ ಆ ಸದ್ದು ಬರುತ್ತದಂತೆ. ಬಾಗಿಲು ಮಾತ್ರ ಹಾಕಿರುತ್ತದೆ.

ಲಗ್ನದ ಸೀರೆ ಮಗ್ಗಕ್ಕೆ ಏರಿದಾಗ ಅವಳಿಗೆ ಒಳಗೊಳಗೇ ಒಂದು ಆಸೆ ಇತ್ತು. ಅಪ್ಪ ಈ ಸಲವಾದರೂ ಒಳಗೆ ಕರೆದಾನು ಎಂದು. ಅವನು ಕರೆಯಲಿಲ್ಲ. ಹಿಂದಿನ ಸಂಜೆ ಅಪ್ಪ ಚಹಾಕ್ಕೆ ಹೊರಗೆ ಹೋದಾಗ ಬಾಗಿಲಲ್ಲೇ ನಿಂತು ಇಣುಕಿದ್ದಳು. ಮೊದಲ ಒಂದು ಮೊಳ ಸರಿಯಾಗಿತ್ತು. ಅಲ್ಲಿಂದ ಮುಂದೆ ಕೆಂಪು ಇರಬೇಕಾದಲ್ಲಿ ಹಸಿರು, ಹಸಿರು ಇರಬೇಕಾದಲ್ಲಿ ಕೆಂಪು. ಅವ್ವನನ್ನು ಕರೆದು ತೋರಿಸಿದರೆ ಅವ್ವ ಬಗ್ಗಿ ನೋಡಿ, “ಛಂದ ಐತೆಲ್ಲವ್ವ” ಎಂದಳು. ಅಪ್ಪನಿಗೆ ಹೇಳಿದರೆ ಅವನ ಮುಖ ಕಪ್ಪಿಟ್ಟಿತು. “ನನ್ನ ಕೈ ಸಾಲು ತಪ್ಪಂಗಿಲ್ಲ” ಎಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

“ಜಲಮೆಲ್ಲಾ ಮಂದಿ ಸೀರಿ ನೇಯ್ದಾನ, ಒಂದೂ ಕೆಡಿಸಿಲ್ಲ. ನನ್ನ ಸೀರಿಗೇ ಯಾಕ ಹಿಂಗ, ವಿದ್ಯಾ? ನಾ ಅಂದ್ರ ಅವಂಗ ಅಷ್ಟ ಏನು?”

ಕಿಟಕಿಯಾಚೆ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ನಾನು ಅವಳ ಕೈ ಹಿಡಿದುಕೊಂಡು ಕೂತೆ. ಬಾಬಣ್ಣನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಅದೇ ದಿನ ಮಧ್ಯಾಹ್ನ ನಾನು ಅವಳ ಲ್ಯಾಬಿಗೆ ಹೋದೆ. ಬುತ್ತಿ ಬಿಚ್ಚುವ ಹೊತ್ತಾದರೂ ಅವಳು ಬಂದಿರಲಿಲ್ಲ. ತರಗತಿ ಇನ್ನೂ ನಡೆದಿತ್ತು. ಫ್ಯಾನು ಸೋಮಾರಿಯಾಗಿ ತಿರುಗುತ್ತಿತ್ತು, ಪರದೆಯ ನೀಲಿ ಬೆಳಕು ಹುಡುಗಿಯರ ಮುಖದ ಮೇಲೆ ಬಿದ್ದಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಮಾಯಾ ಎಂಬ ಹುಡುಗಿಯ ಸರದಿ. ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸಿನವಳು. ಬಾದಾಮಿಯ ಗುಹೆ ನೋಡಲು ಯಾವ ಕಾಲದಲ್ಲಿ ಎಷ್ಟು ಜನ ಬರುತ್ತಾರೆ ಎಂದು ಅಭ್ಯಾಸಕ್ಕಾಗಿ ಒಂದು ನಕ್ಷೆ ಮಾಡಿದ್ದಳು. ಮೂರು ಕಂಬಗಳು. ಕಂಪ್ಯೂಟರ್ ತನ್ನ ಚಾಳಿಯಂತೆ ಅಕ್ಷರದ ಸಾಲಿನಲ್ಲಿ ಚಳಿಗಾಲ, ಬೇಸಿಗೆ, ಮಳೆಗಾಲ ಎಂದು ಇಟ್ಟಿತ್ತು. ಚಳಿಗಾಲದ ಕಂಬ ಎಲ್ಲಕ್ಕಿಂತ ಎತ್ತರ, ಬೇಸಿಗೆಯದು ಗಿಡ್ಡ.

“ವರ್ಷದ ಸಾಲಿಗೆ ತಾ ಇದನ್ನ. ಬ್ಯಾಸಗಿ, ಮಳಿಗಾಲ, ಚಳಿಗಾಲ” ಎಂದಳು ಸುಮಾ.

ಮಾಯಾ ಏನೋ ಟೈಪು ಮಾಡಿದಳು. ಪರದೆ ಕಣ್ಣು ಮಿಟುಕಿಸಿತು. ಹೆಸರುಗಳು ಈಗ ಬೇಸಿಗೆ, ಮಳೆಗಾಲ, ಚಳಿಗಾಲ ಎಂದು ಸಾಲಾಗಿ ನಿಂತಿದ್ದವು. ಕಂಬಗಳು ಮಾತ್ರ ಇದ್ದಲ್ಲೇ ಇದ್ದವು. ಎತ್ತರದ ಕಂಬದ ಕೆಳಗೆ ಈಗ ಬೇಸಿಗೆ ಎಂದಿತ್ತು.

ಮಾಯಾಳಿಗೇ ಮೊದಲು ನಗು ಬಂತು. “ಅಯ್ಯ, ಇದೇನ್ರಿ ಮೇಡಂ! ಬ್ಯಾಸಗಿಯಾಗ ಬಾದಾಮಿ ಬಂಡಿಗಲ್ಲಿನ ಮ್ಯಾಲೆ ಹಲ್ಲಿನೂ ನಿಂದರಂಗಿಲ್ರಿ. ಇಷ್ಟು ಮಂದಿ ಎಲ್ಲಿಂದ ಬಂದ್ರು?”

ಎಲ್ಲರೂ ನಕ್ಕರು. ಸುಮಾ ನಗುತ್ತಲೇ ಶುರುಮಾಡಿದಳು. “ನೀ ಸಾಲು ಬದಲ್ ಮಾಡ್ಲಿಲ್ಲ, ಹೆಸರು ಬದಲ್ ಮಾಡಿದಿ. ಒಳಗ ಅದಕ್ಕ ಚಳಿನೂ ಗೊತ್ತಿಲ್ಲ, ಬ್ಯಾಸಗಿನೂ ಗೊತ್ತಿಲ್ಲ. ಒಂದನೇದು, ಎರಡನೇದು, ಮೂರನೇದು, ಇಷ್ಟ ಗೊತ್ತು. ಹೆಸರು ಮ್ಯಾಲೆ ಹಚ್ಚಿದ ಚೀಟಿ. ನೀ ಒಂದನೇದಕ್ಕ ಬ್ಯಾರೆ ಚೀಟಿ ಹಚ್ಚಿದಿ. ಅದು ಪಾಪ, ತನ್ನ ಸಾಲಿನ ಪ್ರಕಾರನ ಕೆಲಸ ಮಾಡೇತಿ. ಅದರ ತಪ್ಪಿಲ್ಲ. ಅದರ ಕೈ ಸಾಲು…”

ಅಲ್ಲಿಗೆ ನಿಂತಳು. ಕೈಯಲ್ಲಿದ್ದ ಪೆನ್ನು ಗಾಳಿಯಲ್ಲೇ ಉಳಿಯಿತು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಅವಳು ಪರದೆಯ ಮೇಲಿನ ಕಂಬಗಳನ್ನು ನೋಡುತ್ತಿದ್ದಳು, ಆದರೆ ಅವಳಿಗೆ ಕಾಣುತ್ತಿದ್ದುದು ಬೇರೇನೋ ಎಂದು ಹಿಂದೆ ಕೂತ ನನಗೂ ತಿಳಿಯಿತು. ತಪ್ಪನ್ನು ಸರಿಮಾಡುವ ಬಗೆಯನ್ನು ಮಾಯಾಳಿಗೆ ತೋರಿಸಿ ತರಗತಿ ಬಿಟ್ಟಳು. ಬುತ್ತಿ ಹಾಗೇ ವಾಪಸು ಹೋಯಿತು.

ಸಂಜೆಯ ಬಸ್ಸಿನಲ್ಲಿ ಕಿಟಕಿ ಅವಳದೇ ಆಗಿತ್ತು. ಹೊರಗೆ ಎಲ್ಲ ಬಣ್ಣವೂ ಒಂದೇ ಆಗುತ್ತಿದ್ದ ಹೊತ್ತು. ಜೋಳದ ಹೊಲ, ಗುಡ್ಡ, ಕುರಿ ಹಿಂಡು ಎಲ್ಲ ಒಂದೇ ಮಬ್ಬಿನಲ್ಲಿ ಕರಗಿದ್ದವು.

“ಅಪ್ಪಗ ಕೆಂಪು ಹಸರು ಕಾಣಂಗಿಲ್ಲ, ವಿದ್ಯಾ” ಎಂದಳು.

ನಾನು ಅವಳನ್ನೇ ನೋಡಿದೆ.

“ಎರಡೂ ಒಂದ ನಮೂನಿ ಕಾಣತಾವ ಅವಂಗ. ಅಂಥಾ ಕಣ್ಣು ಭಾಳ ಮಂದಿಗೆ ಇರ್ತಾವ. ಅಂವ ಬಣ್ಣ ನೋಡಿ ನೇಯಂಗಿಲ್ಲ, ಖಾನಿ ಲೆಕ್ಕದ ಮ್ಯಾಲೆ ನೇಯತಾನ. ಒಂದನೇ ಖಾನಿ, ಎರಡನೇ ಖಾನಿ. ಬಣ್ಣದ ಚೀಟಿ ಹಚ್ಚಾಕಿ ನಮ್ಮವ್ವ. ಈಗ ಅವ್ವನ ಕಣ್ಣಾಗ ಪೊರಿ ಬಂದೈತಿ. ದಾರಾ ಪೋಣಿಸಾಕ ನನ್ನ ಕರೀತಾಳ, ನಾ ವಯಸ್ಸಾತು ಅಂತ ಬಿಟ್ಟಿದ್ದೆ. ಒಂದನೇ ಖಾನ್ಯಾಗ ಹಸರು ಹಾಕ್ಯಾಳ. ಅಪ್ಪನ ಕೈ ಸಾಲು ತಪ್ಪಿಲ್ಲ. ಅಂವ ಖರೇನ ಹೇಳಿದ.”

ಆಮೇಲೆ ಅವಳು ಕಣ್ಣು ಮುಚ್ಚಿ, ಕನಸು ಹೇಳುವವಳ ಹಾಗೆ ಒಂದೊಂದೇ ನೆನಪು ಹೊರಗೆ ತೆಗೆದಳು. ಸಂತೆಯಲ್ಲಿ ಅಪ್ಪ ಟೊಮೆಟೊವನ್ನು ಹಿಚುಕಿ ನೋಡಿಯೇ ಆರಿಸುತ್ತಿದ್ದುದು, ಮಾರುವವರು ಅವನ ಮೇಲೆ ರೇಗುತ್ತಿದ್ದುದು. ಒಮ್ಮೆ ಬಾದಾಮಿ ಸ್ಟೇಷನ್ನಿನಲ್ಲಿ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು, “ಆ ದೀಪ ಕೆಂಪೈತೋ ಹಸರೈತೋ ಹೇಳು ನೋಡೂಣು” ಎಂದಿದ್ದ. ಹಸಿರು ಎಂದಿದ್ದಳು. “ಶಾಣ್ಯಾಕಿ” ಎಂದು ಅವಳ ಕಾಲು ಒತ್ತಿದ್ದ. ಅಪ್ಪ ತನಗೆ ಬಣ್ಣ ಕಲಿಸುತ್ತಿದ್ದಾನೆ ಎಂದು ಇಷ್ಟು ವರ್ಷ ನಂಬಿದ್ದಳು.

“ಕಲಿಸ್ತಿರಲಿಲ್ಲ ಅಂವ. ಕೇಳ್ತಿದ್ದ” ಎಂದಳು. ನನ್ನ ಭುಜಕ್ಕೆ ತಲೆಯಿಟ್ಟು ಹುನಗುಂದದವರೆಗೂ ಅತ್ತಳು. ನಾನೂ ಅತ್ತೆ. ಬೆಳಿಗ್ಗೆ ಬೈದ ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡೆ.

ಅಪ್ಪನಿಗೆ ಅವಳು ಏನನ್ನೂ ಹೇಳಲಿಲ್ಲ. ನೇಕಾರನಿಗೆ ಬಣ್ಣ ಕಾಣದು ಎಂಬ ಮಾತು ಒಮ್ಮೆ ಓಣಿಗೆ ಬಿದ್ದರೆ ಮುಗಿಯಿತು. ಅವನ ಕೈಯ ಸೀರೆಗಳನ್ನೆಲ್ಲ ಜನ ಮತ್ತೆ ಬಿಚ್ಚಿ ಅನುಮಾನದಿಂದ ನೋಡುತ್ತಾರೆ, ನಗುತ್ತಾರೆ. ಆ ಭಯಕ್ಕೇ ಅವನು ಜೀವಮಾನವಿಡೀ ಬಾಗಿಲು ಹಾಕಿಕೊಂಡಿದ್ದ. ಸುಮಾ ಮೊದಲು ಅವ್ವನ ಕಣ್ಣು ತೋರಿಸಿದಳು. ಬಾಗಲಕೋಟೆಯಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ಭಾನುವಾರ ಕಾಳವ್ವನನ್ನು ಇಳಕಲ್ಲಿಗೆ ಕರೆತರುವಾಗ ಚೀಲ ಹಿಡಿಯಲು ನಾನೂ ಹೋದೆ.

ಪಡಸಾಲೆಯಲ್ಲಿ ಕಾಳವ್ವನನ್ನು ಮಲಗಿಸಿದೆವು. ಕಣ್ಣಿಗೆ ಕಪ್ಪು ಕನ್ನಡಕ. ಮಗ್ಗದ ಕೋಣೆಯ ಬಾಗಿಲು ಆವತ್ತು ತೆರೆದೇ ಇತ್ತು, ಒಳಗೆ ಸದ್ದಿರಲಿಲ್ಲ. ಬಾಬಣ್ಣ ಕುಣಿಯಲ್ಲಿ ಕಾಲಿಳಿಬಿಟ್ಟು ಸುಮ್ಮನೆ ಕೂತಿದ್ದ. ಪಕ್ಕದ ಪೆಟ್ಟಿಗೆ ಖಾಲಿ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ನೂಲಿನ ಧೂಳು ಎದ್ದು ತೇಲುತ್ತಿತ್ತು, ಅರ್ಧ ನೇಯ್ದ ಸೀರೆ ಅದರಡಿ ಮಲಗಿತ್ತು.

“ನಾಕ ದಿನ ಮಗ್ಗ ನಿಂದರ್ಲಿ” ಎಂದ, ಯಾರಿಗೂ ಅಲ್ಲ ಎನ್ನುವಂತೆ.

ಸುಮಾ ಅವ್ವನ ಪಕ್ಕದಿಂದ ಎದ್ದಳು. ಕಂಡಿಕೆಯ ಬುಟ್ಟಿ ಎತ್ತಿಕೊಂಡಳು. ಹೊಸ್ತಿಲ ಮುಂದೆ ಅವಳ ಕಾಲು ನಿಂತುಬಿಟ್ಟಿತು. ದಾಟೇ ಎಂದು ಹಿಂದಿನಿಂದ ನೂಕಿಬಿಡಬೇಕು ಅನಿಸಿತು ನನಗೆ. ಅವಳು ದಾಟಿದಳು. ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತು ಮೊದಲನೇ ಖಾನೆಗೆ ಕೆಂಪು ಇಟ್ಟಳು. ಎರಡನೆಯದಕ್ಕೆ ಹಸಿರು. ಮೂರನೆಯದಕ್ಕೆ ಹಳದಿ. ನಾಲ್ಕನೆಯದಕ್ಕೆ ಬಿಳಿ.

ಬಾಬಣ್ಣ ಅವಳ ಕೈಯನ್ನೇ ನೋಡುತ್ತಿದ್ದ. “ನಿಮ್ಮವ್ವ ಹೇಳಿದ್ಲೇನು?”

“ನಾ ಏನೂ ಹೇಳಿಲ್ಲ” ಎಂದಳು ಕಾಳವ್ವ, ಮಲಗಿದಲ್ಲಿಂದಲೇ.

“ಯಾರೂ ಹೇಳಿಲ್ಲಪ್ಪ. ನನಗ ಈಗ ತಿಳೀತು.”

ಅವನು ಮೊದಲನೇ ಖಾನೆಯ ಕಂಡಿಕೆ ಎತ್ತಿ ಬೆರಳಲ್ಲಿ ಹೊರಳಿಸಿದ. ಕೊನೆಗೆ, “ಆವತ್ತು ನಿನ್ನ ಬೈದಿದ್ದು ಸಿಟ್ಟಿಗಲ್ಲವ್ವ. ಅಂಜಿಕಿಗೆ” ಎಂದ. “ನೀ ಸಣ್ಣಾಕಿ. ಹೊರಗ ಆಡಕೋತ ಮಂದಿ ಮುಂದ ಅಂದುಗಿಂದೀ ಅಂತ. ಆಮ್ಯಾಲೆ ನೀ ಬರೋದ ಬಿಟ್ಟಿ. ಕರೀಬೇಕು ಅನಸ್ತಿತ್ತು. ಹೆಂಗ ಕರೀಲಿ?”

ಸುಮಾ ಅಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟಳು. ಅವನು ಮಗ್ಗದ ಮೇಲಿನ ಸೀರೆಯತ್ತ ಗದ್ದ ತೋರಿಸಿದ.

“ಕೆಟ್ಟದ್ದು ಎಲ್ಲಿಂದ ಐತಿ, ತೋರ್ಸು. ಬಿಚ್ಚತೇನಿ.”

“ಬಿಚ್ಚಬ್ಯಾಡ. ಅಷ್ಟು ಅವ್ವಂದು. ಮುಂದಿಂದು ನಂದು.”

ಕಾಳವ್ವ ಕಪ್ಪು ಕನ್ನಡಕದಡಿಯಿಂದ ಕಣ್ಣೊರೆಸಿಕೊಳ್ಳಲು ಹೋದಳು. ನಾನು ಅವಳ ಕೈ ಹಿಡಿದು ಗದರಿದೆ, ಡಾಕ್ಟರು ಮುಟ್ಟಬಾರದು ಎಂದಿದ್ದರು. ಒಳಗೆ ಲಾಳಿ ಓಡತೊಡಗಿತು. ಆ ಮಧ್ಯಾಹ್ನ ಮಗ್ಗದ ಸದ್ದಿಗೆ ಪಡಸಾಲೆಯಲ್ಲಿ ಮೊದಲು ಕಾಳವ್ವ ತೂಕಡಿಸಿದಳು, ಆಮೇಲೆ ನಾನು. ಕನಸಿನಲ್ಲಿ ನಾನು ಬಸ್ಸಿನಲ್ಲಿದ್ದೆ, ಕಿಟಕಿಯಾಚೆ ಹೊಲಗಳು ಕೆಂಪು, ಹಸಿರು, ಹಳದಿ, ಬಿಳಿಯಾಗಿ ಮುಗಿಯದೆ ಓಡುತ್ತಿದ್ದವು.

ಅಲ್ಲಿಂದ ಮುಂದೆ ಕಂಡಿಕೆ ತುಂಬುವ ಕೆಲಸ ಸುಮಾಳದಾಯಿತು. ಬೆಳಗಿನ ಬಸ್ಸಿಗೆ ಅವಳು ಉಗುರಿನಲ್ಲಿ ನೂಲಿನ ಎಳೆ ಸಿಕ್ಕಿಸಿಕೊಂಡೇ ಬರುತ್ತಿದ್ದಳು. ದೀಪಾವಳಿಗೆ ಮೊದಲು ಸೀರೆ ಮಗ್ಗದಿಂದ ಇಳಿಯಿತು. ಉಟ್ಟು ನೋಡುವ ದಿನ ನನ್ನನ್ನೂ ಕರೆದಳು. ನಾನು ಹೋದಾಗ ಅವಳು ಸೀರೆಯುಟ್ಟು ಮಗ್ಗದ ಕೋಣೆಯ ಬೆಳಕಿಂಡಿಯ ಕೆಳಗೆ ನಿಂತಿದ್ದಳು. ಕಾಳವ್ವ ಹೊಸ ಕಣ್ಣಿನಿಂದ ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ತಪ್ಪಿನ ಭಾಗ ಸಿಕ್ಕ ಕೂಡಲೇ ನಾಲಿಗೆ ಕಚ್ಚಿಕೊಂಡು ನಕ್ಕಳು.

ಬಾಬಣ್ಣ ಖಾಲಿ ಮಗ್ಗದ ಅಂಚಿಗೆ ಕೂತಿದ್ದ. ಅವನು ನೇಯ್ದ ಸೀರೆಗಳು ಎಲ್ಲೆಲ್ಲಿಗೋ ಹೋಗಿದ್ದವು, ಎಷ್ಟೋ ಮದುವೆ ಮನೆಗಳಲ್ಲಿ ಓಡಾಡಿದ್ದವು. ಉಟ್ಟವರು ಕಂಡದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ. ಸೆರಗಿನ ತುದಿ ಕೈಗೆ ತೆಗೆದುಕೊಂಡು ಮಗಳ ಮುಖ ನೋಡಿದ.

“ಹೆಂಗ ಕಾಣತೈತೆವ್ವ? ಹೇಳು.”

ಸುಮಾ ಅವನ ಪಕ್ಕ ಕೂತಳು. ನೆರಿಗೆ ಬಿಡಿಸಿ ಅವನ ತೊಡೆಯ ಮೇಲೆ ಹರಡಿದಳು. ಅವನ ಬೆರಳು ಗೆರೆಯಿಂದ ಗೆರೆಗೆ ಸರಿಯಿತು, ಅವಳು ಒಂದೊಂದಕ್ಕೂ ಹೆಸರು ಹೇಳಿದಳು. ದಾಳಿಂಬೆ ಬಿರಿದ ಹಾಗಿನ ಕೆಂಪು, ಗಿಣಿಯ ರೆಕ್ಕೆಯ ಹಸಿರು. ಸ್ವಲ್ಪ ಹೊತ್ತಿಗೆ ಅವನೇ ಮುಂದಾಗಿ ಹೇಳತೊಡಗಿದ. ಸಾಲು ಅವನಿಗೆ ಬಾಯಿಪಾಠ.

“ಕೆಂಪು” ಎಂದ, ಇನ್ನೊಂದು ಗೆರೆಯ ಮೇಲೆ ಬೆರಳಿಟ್ಟು.

“ಅಲ್ಲಪ್ಪ. ಇಲ್ಲಿ ಹಸರು. ಇದು ಅವ್ವಂದು.”

ಬೆರಳು ಅಲ್ಲೇ ನಿಂತಿತು. ಅವನು ಆ ಗೆರೆಯನ್ನು ಬಿಸಿಲಿಗೆ ಹಿಡಿದು ನೋಡಿದ, ಮತ್ತೆ ನೋಡಿದ. ಆಮೇಲೆ ಕಣ್ಣು ಮುಚ್ಚಿ, ತನ್ನ ಬೆರಳನ್ನು ಮಗಳ ಕೈಗೆ ಕೊಟ್ಟ.

“ಹಂಗಾರ ಇಲ್ಲಿಂದ ನೀ ಹೇಳ್ಕೋತ ಹೋಗು” ಎಂದ. “ನಾ ಕೇಳ್ತೇನಿ.”